ನದಿ ಮತ್ತು ಹಳ್ಳದ ನೀರಿನಲ್ಲಿ ಹೂಳು ಸಾಗುವ ಬಗೆ: ಕೆರೆ ಹೂಳು ಕೋರುವ ಅರ್ಜಿದಾರರಿಗೆ ತಿಳಿವಳಿಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಭಾಗದ ರೈತರು ಕೆರೆಯ ಹೂಳನ್ನು ತಮ್ಮ ಜಮೀನಿಗೆ ಸಾಗಿಸಲು ಅನುಮತಿ ಕೋರುವ ಮುನ್ನ, ಹೂಳು ಎಲ್ಲಿಂದ, ಯಾವಾಗ ಮತ್ತು ಹೇಗೆ ಬರುತ್ತದೆ ಎಂಬುದನ್ನು ಅರಿತಿರುವುದು ಅವಶ್ಯಕ. ಕೆರೆಯಲ್ಲಿ ಕೂತ ಹೂಳಿನ ಬಹುಪಾಲು ಮೇಲ್ಭಾಗದ ಜಮೀನುಗಳ ಮೇಲ್ಮಣ್ಣೇ ಆಗಿರುತ್ತದೆ.

ತೇಲುಹೂಳು ಎಂದರೇನು?

ಹರಿಯುವ ನೀರು ಮಣ್ಣನ್ನು ಎರಡು ರೀತಿಯಲ್ಲಿ ಸಾಗಿಸುತ್ತದೆ. ದಪ್ಪ ಮರಳು ಮತ್ತು ನೊರಜುಗಲ್ಲು ತಳದಲ್ಲಿ ಉರುಳುತ್ತಾ ಸಾಗುತ್ತವೆ. ಜೇಡಿ ಮತ್ತು ನುಣುಪಾದ ಮಣ್ಣಿನ ಕಣಗಳು ನೀರಿನ ಸುಳಿ ಹಾಗೂ ಕದಡುವಿಕೆಯಿಂದ ಮೇಲೆತ್ತಲ್ಪಟ್ಟು ತೇಲುತ್ತಾ ಸಾಗುತ್ತವೆ. ಇದೇ ತೇಲುಹೂಳು. ಮಳೆಗಾಲದ ಹೊಸ ನೀರು ಕೆಂಪಾಗಿ ಕಾಣಲು ಇದೇ ಕಾರಣ.

ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು 0.2 ಮಿ.ಮೀ. ಗಾತ್ರದ ಮರಳಿನ ಕಣಕ್ಕೆ ಸುಮಾರು ಒಂದು ನಿಮಿಷ ಸಾಕು. 0.02 ಮಿ.ಮೀ. ಕಣಕ್ಕೆ ಮುಕ್ಕಾಲು ಗಂಟೆ ಹಾಗೂ 0.002 ಮಿ.ಮೀ. ಜೇಡಿ ಕಣಕ್ಕೆ ಸುಮಾರು ಮೂರು ದಿನ ಬೇಕಾಗುತ್ತದೆ. ಆದ್ದರಿಂದ ನೀರು ಕೆರೆಯನ್ನು ಪ್ರವೇಶಿಸುವ ಕಡೆ ಮರಳು ನಿಲ್ಲುತ್ತದೆ. ಜೇಡಿಯು ಒಳಭಾಗಕ್ಕೆ ಸಾಗಿ ಏರಿಯ ಕಡೆ ನಿಧಾನವಾಗಿ ಕೂರುತ್ತದೆ.

ಒಣ ಸೀಮೆಯ ನದಿಗಳ ವಿಶೇಷ

ದಟ್ಟ ಅರಣ್ಯದಲ್ಲಿ ಮಳೆ ಹೆಚ್ಚಾದರೂ ಎಲೆ, ತರಗು ಮತ್ತು ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಮರುಭೂಮಿಯಲ್ಲಿ ಮಣ್ಣನ್ನು ಕೊಚ್ಚುವಷ್ಟು ನೀರೇ ವಿರಳ. ಇವೆರಡರ ನಡುವಿನ ಅರೆ ಒಣ ಪ್ರದೇಶದಲ್ಲಿ ನೆಲಕ್ಕೆ ಹೊದಿಕೆ ಕಡಿಮೆ, ಆದರೆ ಬೀಳುವ ಮಳೆ ರಭಸವಾದದ್ದು. ಅತಿ ಹೆಚ್ಚು ಹೂಳು ಇಂತಹ ಪ್ರದೇಶದಿಂದಲೇ ಬರುತ್ತದೆ ಎಂದು ಅಮೆರಿಕದ ತಜ್ಞರಾದ ಲ್ಯಾಂಗ್‌ಬೀನ್ ಮತ್ತು ಶುಮ್ 1958ರಲ್ಲಿ ಅಲ್ಲಿನ ನದಿಗಳ ಅಂಕಿಅಂಶಗಳ ಆಧಾರದಲ್ಲಿ ನಿರೂಪಿಸಿದ್ದರು.

ಹರಿವು ಎರಡು ಪಟ್ಟಾದಾಗ ತೇಲುಹೂಳು ಎರಡು ಪಟ್ಟಿಗಿಂತಲೂ ಹೆಚ್ಚಾಗುವುದು ಸಾಮಾನ್ಯ. ಇದರ ಜೊತೆಗೆ, ಬೇಸಿಗೆಯಲ್ಲಿ ಸಡಿಲಗೊಂಡ ಮಣ್ಣನ್ನು ಮೊದಲ ಪ್ರವಾಹವೇ ಒಯ್ಯುತ್ತದೆ. ಹೀಗಾಗಿ ವರ್ಷದ ಹೂಳಿನ ಬಹುಭಾಗ ಕೆಲವೇ ದಿನಗಳಲ್ಲಿ ಸಾಗಿಹೋಗುತ್ತದೆ.

ಈ ತಾಲ್ಲೂಕುಗಳ ಸ್ಥಿತಿಗತಿ

ಲಕ್ಷ್ಮಣತೀರ್ಥ ನದಿಯು ಕೊಡಗಿನ ಬ್ರಹ್ಮಗಿರಿ ಬೆಟ್ಟಗಳಲ್ಲಿ ಹುಟ್ಟಿ, ಹುಣಸೂರಿನ ಮೂಲಕ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಇದರ ಮೇಲ್ಭಾಗ ಮಲೆನಾಡು, ಕೆಳಭಾಗ ಕೆಂಪು ಮಣ್ಣಿನ ಬಯಲು. ವಯನಾಡಿನಿಂದ ಬರುವ ಕಬಿನಿಯ ನೀರು ಎಚ್.ಡಿ. ಕೋಟೆ ಭಾಗದ ಬೀಚನಹಳ್ಳಿಯ ಜಲಾಶಯದಲ್ಲಿ ನಿಲ್ಲುತ್ತದೆ. ಬಯಲು ಭಾಗದ ಹಳ್ಳಗಳು ಮಾತ್ರ ಬೇಸಿಗೆಯಲ್ಲಿ ಬತ್ತಿ, ಮಳೆ ಬಿದ್ದಾಗ ಒಮ್ಮೆಲೇ ತುಂಬಿ ಹರಿಯುತ್ತವೆ.

ಹುಣಸೂರು, ಪಿರಿಯಾಪಟ್ಟಣ ಭಾಗದಲ್ಲಿ ವರ್ಜೀನಿಯಾ ತಂಬಾಕಿನ ನಾಟಿಗಾಗಿ ಮುಂಗಾರಿಗೆ ಮುಂಚೆಯೇ ಹೊಲಗಳನ್ನು ಉತ್ತು ಹದಗೊಳಿಸಲಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಸಹಿತ ಬಿರುಮಳೆಯೂ ಅದೇ ಸಮಯಕ್ಕೆ ಬರುತ್ತದೆ. ಆಗ ಹೊದಿಕೆಯಿಲ್ಲದ ಇಳಿಜಾರು ಹೊಲದ ಮಣ್ಣು ಸುಲಭವಾಗಿ ಕೊಚ್ಚಿಹೋಗುತ್ತದೆ. ಒಂದು ಎಕರೆಯಿಂದ ಕೇವಲ 1 ಮಿ.ಮೀ. ಮಣ್ಣು ಹೋದರೂ ಅದು ಸುಮಾರು 4 ಘನ ಮೀಟರ್, ಅಂದರೆ ಐದು ಟನ್ನಿಗೂ ಹೆಚ್ಚು.

ಹೂಳಿನ ಪರಿಣಾಮ

ಹೂಳು ತುಂಬಿದಷ್ಟೂ ನೀರಿನ ಸಂಗ್ರಹ ಕುಗ್ಗುತ್ತದೆ. ಮಲೆನಾಡಿನಲ್ಲಿ ಹುಟ್ಟಿ ಬಯಲುಸೀಮೆಗೆ ಹರಿಯುವ ತುಂಗಭದ್ರೆಯ ಜಲಾಶಯ ಇದಕ್ಕೆ ರಾಜ್ಯದ ಪ್ರಮುಖ ನಿದರ್ಶನ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯ 2016ರ ಸಮೀಕ್ಷೆಯಲ್ಲಿ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿತ್ತು. ಸಣ್ಣ ಕೆರೆಯಲ್ಲಿ ಇಂತಹ ನಷ್ಟವು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪದಿರುವುದರ ಮೂಲಕ ಹಾಗೂ ಸುತ್ತಲಿನ ಬಾವಿಗಳ ಮಟ್ಟ ಇಳಿಯುವುದರ ಮೂಲಕ ಗೋಚರಿಸುತ್ತದೆ.

ಅರ್ಜಿದಾರರ ಗಮನಕ್ಕೆ

1. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಹಾಗೂ 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಕೆರೆ ಯಾರ ವ್ಯಾಪ್ತಿಯಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

2. ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ, ಜಮೀನಿನ ಸರ್ವೆ ನಂಬರು ಮತ್ತು ಬೇಕಾದ ಹೂಳಿನ ಅಂದಾಜು ಪ್ರಮಾಣ ನಮೂದಿಸಿ, ಪಹಣಿಯ ಪ್ರತಿ ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

3. ನುಣುಪು ಜೇಡಿ ಏರಿಯ ಕಡೆ ಹೆಚ್ಚಿದ್ದರೂ ಏರಿ ಮತ್ತು ತೂಬಿನ ಬುಡದಲ್ಲಿ ಅಗೆಯಬಾರದು. ಇದರಿಂದ ಏರಿಗೆ ಅಪಾಯವುಂಟಾಗುತ್ತದೆ. ಅಭಿಯಂತರರು ಗುರುತಿಸಿದ ಸ್ಥಳ ಮತ್ತು ಆಳವನ್ನು ಮೀರಬಾರದು. ಹೂಳಿನ ಕೆಳಗಿರುವ ಗಟ್ಟಿ ಪದರ ಒಡೆದರೆ ಕೆರೆಯ ನೀರು ಇಂಗಿಹೋಗುವ ಸಂಭವವಿದೆ.

4. ಕೆರೆಗೆ ನೀರು ಬರುವ ಕಡೆ ಸಂಗ್ರಹವಾದ ಮರಳು ಕೃಷಿ ಹೂಳಲ್ಲ. ಅದನ್ನು ತೆಗೆಯಲು ಪ್ರತ್ಯೇಕ ಅನುಮತಿ ಅಗತ್ಯ.

5. ಜೇಡಿ ಹೂಳು ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ತೇವ ಹಿಡಿದಿಡಲು ಸಹಕಾರಿ. ನೀರು ಬಸಿಯದ ಜಿಗುಟು ಜಮೀನಿಗೆ ಅದು ಸೂಕ್ತವಲ್ಲ. ಹೊಲಕ್ಕೆ ಹರಡುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಒಳಿತು.

ಹೂಳೆತ್ತುವುದರಿಂದ ಮಾತ್ರ ಸಮಸ್ಯೆ ನೀಗುವುದಿಲ್ಲ. ಮೊದಲ ಮಳೆಗೆ ಮುಂಚೆಯೇ ಬದುಗಳ ದುರಸ್ತಿ, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಹಾಗೂ ಹಳ್ಳದ ದಡದಲ್ಲಿ ಹುಲ್ಲಿನ ಪಟ್ಟಿ ಬೆಳೆಸುವ ಕ್ರಮ ಕೈಗೊಂಡಲ್ಲಿ ಮಣ್ಣು ಹೊಲದಲ್ಲೇ ಉಳಿಯುತ್ತದೆ. ಈ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಮಾಹಿತಿ ಪಡೆಯಬಹುದು.