ಎಂ. ಪಿ. ಶಂಕರ್

ಎಂ. ಪಿ. ಶಂಕರ್ (1935–2008) ಕನ್ನಡ ಚಲನಚಿತ್ರರಂಗದ ಪೋಷಕ ನಟರು, ಖಳನಟರು ಹಾಗೂ ನಿರ್ಮಾಪಕರು. ಮೈಸೂರಿನ ಕುಸ್ತಿಪಟುವಾಗಿದ್ದ ಇವರು ಕಾಡು ಮತ್ತು ವನ್ಯಜೀವಿಗಳನ್ನು ವಸ್ತುವಾಗುಳ್ಳ ಚಿತ್ರಗಳಿಂದ ವಿಶೇಷವಾಗಿ ಸ್ಮರಣೀಯರಾಗಿದ್ದಾರೆ.

ಅಭಿನಯ

ಹುಣಸೂರು ಕೃಷ್ಣಮೂರ್ತಿಯವರ 'ರತ್ನಮಂಜರಿ'ಯ (1962) ಮೂಲಕ ಇವರು ಚಿತ್ರರಂಗವನ್ನು ಪ್ರವೇಶಿಸಿದರು. ಅಂದಿನ ಚಿತ್ರಗಳಲ್ಲಿ ಕಟ್ಟುಮಸ್ತಾದ ಮೈಯುಳ್ಳ ನಟನಿಗೆ ಜಟ್ಟಿ, ರಕ್ಕಸ, ದರೋಡೆಕೋರ ಮುಂತಾದ ಪಾತ್ರಗಳೇ ಮೀಸಲು. ಆ ಮಿತಿಯನ್ನು ಶಂಕರ್ ಎರಡು ಬಾರಿಯಾದರೂ ಸ್ಪಷ್ಟವಾಗಿ ದಾಟಿದರು. 'ಸತ್ಯ ಹರಿಶ್ಚಂದ್ರ'ದಲ್ಲಿ (1965) ಅರಸನನ್ನೇ ಆಳಾಗಿ ಕೊಳ್ಳುವ ಸ್ಮಶಾನದ ಒಡೆಯ ವೀರಬಾಹು ಅವರು. ಕುಲದ ಮೇಲುಕೀಳನ್ನು ಪ್ರಶ್ನಿಸುವ, ಘಂಟಸಾಲ ಹಾಡಿದ ಗೀತೆಗೆ ಅವರ ಕುಣಿತವೇ ಮುಖವಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯನ್ನು ಆಧರಿಸಿದ 'ಭೂತಯ್ಯನ ಮಗ ಅಯ್ಯು'ವಿನಲ್ಲಿ (1974) ಊರನ್ನೇ ಹಿಂಡುವ ಜಿಪುಣ ಭೂತಯ್ಯನಾಗಿ, ತೋಳ್ಬಲಕ್ಕಿಂತ ನೋಟ ಮತ್ತು ಮಾತಿನಿಂದಲೇ ಅಂಜಿಕೆ ಹುಟ್ಟಿಸಿದರು. ಇದೇ ಅವರ ಅತ್ಯುತ್ತಮ ಪಾತ್ರವೆನ್ನಬಹುದು.

ಅರಣ್ಯ ಚಿತ್ರಗಳು

'ಕಾಡಿನ ರಹಸ್ಯ' (1969) ಅವರ ಆರಂಭದ ಕಾಡಿನ ಚಿತ್ರಗಳಲ್ಲೊಂದು. ಅವರು ನಿರ್ಮಿಸಿದ, ವಿಜಯ್ ನಿರ್ದೇಶನದ 'ಗಂಧದ ಗುಡಿ' (1973) ಈ ಬಗೆಯ ಚಿತ್ರಗಳಿಗೆ ಮಾದರಿಯಾಯಿತು. ಮರಗಳ್ಳರನ್ನು ಎದುರಿಸುವ ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್ ನಟಿಸಿದರು. ವಿಷ್ಣುವರ್ಧನ್ ಮತ್ತೊಂದು ಪ್ರಮುಖ ಪಾತ್ರದಲ್ಲಿದ್ದರು. ಚಿತ್ರವು ಹಿಂದಿಯಲ್ಲಿ 'ಕರ್ತವ್ಯ' (1979) ಎಂದು ಮರುನಿರ್ಮಾಣಗೊಂಡಿತು.

ಚಿತ್ರ ಬಂದ ಕಾಲವೂ ಗಮನಾರ್ಹ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಜಾರಿಯಾಗಿತ್ತು. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ, ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಅರಣ್ಯಗಳಲ್ಲಿ ಒಂದು. ಬೇಟೆಯು ಶೌರ್ಯವಲ್ಲ, ಅಪರಾಧ ಎಂಬ ಹೊಸ ತಿಳಿವನ್ನು ಕಾನೂನಿನ ಪುಸ್ತಕ ತಲುಪದ ಹಳ್ಳಿಗಳಿಗೂ ಒಯ್ದ ಚಿತ್ರವಿದು.

ಚಿತ್ರದ ಕಥೆಯು ಕಟ್ಟುಕಥೆಯಾಗಿಯೇ ಉಳಿಯಲಿಲ್ಲ. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲದ ಕಡೆಯ ಕಾಡಿನಲ್ಲಿ 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಗಂಧಗಳ್ಳ ವೀರಪ್ಪನ್ ಕೊಂದನು. ತೆರೆಯ ಮೇಲೆ ಅರಣ್ಯಾಧಿಕಾರಿಯಾಗಿದ್ದ ರಾಜ್‌ಕುಮಾರರನ್ನೂ 2000ದ ಜುಲೈ 30ರಂದು, ಚಾಮರಾಜನಗರಕ್ಕೆ ಸಮೀಪದ, ತಮಿಳುನಾಡಿಗೆ ಸೇರಿದ ಗಾಜನೂರಿನ ತೋಟದ ಮನೆಯಿಂದ ಅವನೇ ಅಪಹರಿಸಿ, 108 ದಿನ ಕಾಡಿನಲ್ಲಿ ಇರಿಸಿಕೊಂಡಿದ್ದನು. ಈ ನಡುವೆ 1994ರಲ್ಲಿ, ಶಿವರಾಜ್‌ಕುಮಾರ್ ನಾಯಕರಾಗಿ 'ಗಂಧದ ಗುಡಿ ಭಾಗ 2' ತೆರೆಕಂಡಿತ್ತು.

ಶಂಕರ್ 2008ರಲ್ಲಿ ಮೈಸೂರಿನಲ್ಲಿ ನಿಧನರಾದರು.