ಸಿಗ್ನಲ್‌ನಲ್ಲಿ ‘ಕಾಯುವ’ ಕಾರು: ದೋಷ ಫ್ಯಾನ್‌ನದೇ?

ಬೆಂಗಳೂರು: ಮೈಸೂರು ರಸ್ತೆಯಲ್ಲಿ ಸಲೀಸಾಗಿ ಓಡಿಬಂದ ಕಾರು ಕಾಟನ್‌ಪೇಟೆಯೊಳಗೆ ಹೊಕ್ಕು, ಕೈಗಾಡಿ, ಟೆಂಪೊ, ಆಟೊಗಳ ನಡುವೆ ತೆವಳತೊಡಗಿದ ಕೂಡಲೇ ಬಿಸಿಯೇರುತ್ತದೆಯೆ? ಹಾಗಿದ್ದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ ಬರಬೇಕು. ಫ್ಯಾನ್ ತಿರುಗುತ್ತಿಲ್ಲವೆಂದ ಮಾತ್ರಕ್ಕೆ ಅದನ್ನೇ ಬದಲಿಸಬೇಕಾಗಿಲ್ಲ. ಎಷ್ಟೋ ಸಲ ದೋಷವಿರುವುದು ಬೆರಳ ತುದಿಯಷ್ಟು ಗಾತ್ರದ ಫ್ಯೂಸಿನಲ್ಲಿ. ಇದನ್ನು ಮನೆಯ ಮುಂದೆಯೇ ಪರೀಕ್ಷಿಸಿಕೊಳ್ಳಬಹುದು.

ಫ್ಯಾನ್ ಏಕೆ ಬೇಕು?

ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಸುತ್ತದೆ. ವಾಹನ ನಿಂತಾಗ ಆ ಗಾಳಿ ಇರುವುದಿಲ್ಲ. ಆಗ ಫ್ಯಾನ್ ಗಾಳಿಯನ್ನು ಎಳೆದುಕೊಡಬೇಕು. ಹಳೆಯ ಅಂಬಾಸಿಡರ್‌ನಲ್ಲಿ ಎಂಜಿನ್ನೇ ಬೆಲ್ಟ್ ಮೂಲಕ ಫ್ಯಾನನ್ನು ತಿರುಗಿಸುತ್ತಿತ್ತು. ಇಂದಿನ ಕಾರುಗಳಲ್ಲಿ ಈ ಕೆಲಸ ವಿದ್ಯುತ್ ಮೋಟಾರಿನದು. ಎಂಜಿನ್ ನೀರಿನ ಶಾಖ ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಸೆನ್ಸರ್ ಸೂಚನೆ ನೀಡುತ್ತದೆ, ರಿಲೇ ವಿದ್ಯುತ್ ಹರಿಸುತ್ತದೆ, ಫ್ಯಾನ್ ತಿರುಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನಿನಲ್ಲಿ ಹಾಗಾಗದಂತೆ ತಡೆಯುವುದು ರೇಡಿಯೇಟರ್ ಮುಚ್ಚಳದ ಒತ್ತಡ ಮತ್ತು ಕೂಲೆಂಟ್. ಆದ್ದರಿಂದ ಬರಿಯ ನೀರು ತುಂಬಿಸಿ ಓಡಿಸುವ ಅಭ್ಯಾಸ ಒಳ್ಳೆಯದಲ್ಲ.

ಮೊದಲು ಎಚ್ಚರಿಕೆ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೀಲಿ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗೀತು. ಅದರ ಬಳಿ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಬೇಕು.

ಪರೀಕ್ಷೆಯ ಕ್ರಮ

1. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಬಹುಪಾಲು ಕಾರುಗಳಲ್ಲಿ ಎ.ಸಿ. ಜತೆಗೇ ಫ್ಯಾನ್ ತಿರುಗಬೇಕು. ಹಾಗೆ ತಿರುಗಿದರೆ ಮೋಟಾರು ಚೆನ್ನಾಗಿದೆ. ಸೆನ್ಸರ್ ಅಥವಾ ಅದರ ವೈರನ್ನು ಅನುಮಾನಿಸಬಹುದು. ಎರಡು ಫ್ಯಾನ್‌ಗಳಿದ್ದರೆ ಎರಡನ್ನೂ ಗಮನಿಸಿ.

2. ತಿರುಗದಿದ್ದರೆ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆ ನೋಡಿ. ಫ್ಯಾನಿನ ಫ್ಯೂಸ್ ಯಾವುದೆಂದು ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಗುರುತಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಹೆಚ್ಚಿನ ಆಂಪಿಯರಿನದು ಹಾಕಿದರೆ ವೈರಿಗೆ ಬೆಂಕಿ ಹತ್ತುವ ಅಪಾಯವಿದೆ. ಹೊಸ ಫ್ಯೂಸೂ ಸುಟ್ಟರೆ ಮೋಟಾರು ಬಿಗಿದಿದೆ ಅಥವಾ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

3. ಫ್ಯೂಸ್ ಸರಿಯಿದ್ದರೆ ರಿಲೇ ಸರದಿ. ಅದೇ ಪೆಟ್ಟಿಗೆಯಲ್ಲಿ ಹಾರ್ನ್‌ನ ರಿಲೇ ಅದೇ ಸಂಖ್ಯೆಯದಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ. ಫ್ಯಾನ್ ತಿರುಗಿದರೆ ಹೊಸ ರಿಲೇ ಸಾಕು.

4. ಕೊನೆಗೆ ಮೋಟಾರು. ಎಂಜಿನ್ ಆರಿಸಿ, ಫ್ಯಾನಿನ ಕನೆಕ್ಟರ್ ಬಿಡಿಸಿ, ಫ್ಯೂಸ್ ಇರುವ ವೈರಿನಿಂದ 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ಕೊಡಿ. ಪ್ಲಸ್, ಮೈನಸ್ ಹಿಂದುಮುಂದಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಆಗಲೂ ಅಲುಗದಿದ್ದರೆ ಮೋಟಾರು ಕೆಟ್ಟಿದೆ. ಎರಡೇ ವೈರಿರುವ ಸಾದಾ ಮೋಟಾರಿಗೆ ಮಾತ್ರ ಈ ಪರೀಕ್ಷೆ. ಹೆಚ್ಚು ವೈರುಗಳಿರುವ ಹೊಸ ಮಾದರಿಗಳನ್ನು ಮೆಕ್ಯಾನಿಕ್‌ಗೇ ಬಿಡುವುದು ಲೇಸು.

ಫ್ಯೂಸ್, ರಿಲೇ, ಮೋಟಾರುಗಳೆಲ್ಲ ಕಾಟನ್‌ಪೇಟೆಗೆ ಸಮೀಪದ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯ ಭಾಗವನ್ನು ಜತೆಗೊಯ್ದು ಹೋಲಿಸಿ ಕೊಳ್ಳುವುದು ಒಳಿತು.

‘ಡೈರೆಕ್ಟ್’ ಮಾಡಿಸಬೇಡಿ

ಸೆನ್ಸರ್ ಕೆಟ್ಟಾಗ ಫ್ಯಾನನ್ನು ಸ್ವಿಚ್‌ಗೆ ಜೋಡಿಸಿ ‘ಡೈರೆಕ್ಟ್’ ಮಾಡುವ ರೂಢಿಯಿದೆ. ತುರ್ತಿನಲ್ಲಿ ಮನೆ ತಲುಪಲು ಅದು ಸರಿ. ಆದರೆ ಸ್ವಿಚ್ ಹಾಕಲು ಮರೆತ ದಿನ ಎಂಜಿನ್ ಕಾಯುತ್ತದೆ. ಆರಿಸಲು ಮರೆತ ರಾತ್ರಿ ಬ್ಯಾಟರಿ ಬರಿದಾಗುತ್ತದೆ.

ದಾರಿಯಲ್ಲೇ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಒಳಗೆ ಸೆಕೆಯಾದರೂ ಎಂಜಿನ್ನಿನ ಸ್ವಲ್ಪ ಶಾಖ ಅದರಿಂದ ಹೊರಹೋಗುತ್ತದೆ. ಕೆಂಪು ಗೆರೆ ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸುವುದೇ ಉಪಾಯ. ಹಾಗೆಯೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಾಗುತ್ತದೆ. ಫ್ಯೂಸಿನಲ್ಲಿ ಮುಗಿಯಬೇಕಿದ್ದ ಖರ್ಚು ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಕಾರು ಕಾಯುತ್ತಿದ್ದರೆ ಕೂಲೆಂಟ್ ಸೋರಿಕೆ, ಥರ್ಮೊಸ್ಟಾಟ್, ವಾಟರ್ ಪಂಪ್‌ಗಳನ್ನು ತಜ್ಞರಿಂದ ಪರೀಕ್ಷಿಸಬೇಕು.