‘ಹೋಗು’ ಕ್ರಿಯಾಪದದ ನುಡಿಗಟ್ಟುಗಳು: ಮೂರು ಭಾಷೆಗಳ ನಡುವೆ

ಸೂರತ್ ನಗರದ ದಕ್ಷಿಣಕ್ಕಿರುವ ಉಧ್ನಾ ಒಂದು ರೈಲ್ವೆ ಜಂಕ್ಷನ್. ಮುಂಬಯಿ–ಸೂರತ್ ಮಾರ್ಗದಿಂದ ಜಳಗಾಂವಿನತ್ತ ಸಾಗುವ ಹಳಿ ಕವಲೊಡೆಯುವುದು ಇಲ್ಲಿಯೇ. ವಿದ್ಯುತ್ ಮಗ್ಗಗಳ ಈ ಊರಿನಲ್ಲಿ ಗುಜರಾತಿಯೊಂದಿಗೆ ಮರಾಠಿ, ಹಿಂದಿ, ಒಡಿಯಾ ಮಾತುಗಳೂ ನಿತ್ಯ ಕಿವಿಗೆ ಬೀಳುತ್ತವೆ. ಇಂಥಲ್ಲಿ ಬೆಳೆಯುವ ಕನ್ನಡದ ಮಗುವು ಬೀಳ್ಕೊಡುವ ನೆರೆಯವರ ಬಾಯಲ್ಲಿ ‘ಆವಜೋ’ ಎಂಬುದನ್ನೂ ಮನೆಯಲ್ಲಿ ‘ಹೋಗಿ ಬರುತ್ತೇನೆ’ ಎಂಬುದನ್ನೂ ಶಾಲೆಯಲ್ಲಿ ‘ಐ ಆಮ್ ಗೋಯಿಂಗ್’ ಎಂಬುದನ್ನೂ ಕೇಳುತ್ತದೆ. ಮೊದಲೆರಡು ಮಾತುಗಳಲ್ಲಿ ಮರಳಿ ಬರುವ ಆಶಯವಿದೆ, ಮೂರನೆಯದರಲ್ಲಿಲ್ಲ. ಆ ಮೂರನೆಯದನ್ನೇ ಕನ್ನಡಿಸಿ ಮಗುವು ಅಜ್ಜಿಗೆ ‘ಹೋಗುತ್ತೇನೆ’ ಎಂದರೆ ವ್ಯಾಕರಣದೋಷವೇನೂ ಇಲ್ಲ. ಆದರೆ ‘ಹಾಗನ್ನಬಾರದು, ಹೋಗಿ ಬರುತ್ತೇನೆ ಅನ್ನು’ ಎಂದು ಅಜ್ಜಿ ತಿದ್ದದೆ ಇರಲಾರಳು. ವ್ಯಾಕರಣವು ಒಪ್ಪಿದ್ದನ್ನು ನುಡಿಗಟ್ಟು ಒಪ್ಪದಿರುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಇಂಗ್ಲಿಷಿನಲ್ಲಿ ‘ಗೋ’ ಮತ್ತು ‘ಕಮ್’ ಕ್ರಿಯಾಪದಗಳು ಸ್ಥಿತಿಯ ಬದಲಾವಣೆಯನ್ನು ಸೂಚಿಸುವಾಗ ಒಂದು ಒಲವನ್ನು ತೋರುತ್ತವೆ. ಹಾಲು ಕೆಟ್ಟರೆ ‘ಗೋ ಸವರ್’, ಬುದ್ಧಿ ಕೆಟ್ಟರೆ ‘ಗೋ ಮ್ಯಾಡ್’. ಕನಸು ನನಸಾದರೆ ಮಾತ್ರ ‘ಕಮ್ ಟ್ರೂ’. ಸಹಜ ಸ್ಥಿತಿಯಿಂದ ದೂರವಾಗುವುದಕ್ಕೆ ‘ಗೋ’, ಅದರತ್ತ ಮರಳುವುದಕ್ಕೆ ‘ಕಮ್’ ಎಂದು ಈವ್ ಕ್ಲಾರ್ಕ್ ಅವರು 1974ರಲ್ಲಿ ವಿವರಿಸಿದರು. ಕನ್ನಡದ ‘ಬರು’ ಈ ನಿಯಮಕ್ಕೆ ಬಗ್ಗುವುದಿಲ್ಲ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಬುದ್ಧಿ ಬರುವಂತೆಯೇ ಜ್ವರವೂ ಬರುತ್ತದೆ. ಒಳಿತು ಕೆಡುಕುಗಳ ಎಣಿಕೆ ಇಲ್ಲಿಲ್ಲ. ‘ನನಗೆ’, ‘ಅವಳಿಗೆ’ ಎಂಬ ಚತುರ್ಥಿಯಲ್ಲಿ ನಿಂತ ವ್ಯಕ್ತಿಯೇ ಕೇಂದ್ರ. ಆ ವ್ಯಕ್ತಿಯನ್ನು ತಲುಪುವುದೆಲ್ಲ ಬರುತ್ತದೆ. ‘ಕನ್ನಡ ಬರುತ್ತದೆ’ ಎಂಬ ಮಾತಿನ ರಚನೆಯೂ ಇದೇ. ಭಾಷೆಯನ್ನು ನಾವು ಅರಿಯುವುದಕ್ಕಿಂತ ಅದು ನಮ್ಮ ಬಳಿಗೆ ಬರುವುದೇ ಹೆಚ್ಚು!

ಆದರೆ ‘ಹೋಗು’ ಸಹಾಯಕ ಕ್ರಿಯಾಪದವಾದಾಗ ಚಿತ್ರ ಬೇರೆಯಾಗುತ್ತದೆ. ಕೊಳೆತುಹೋಯಿತು, ಒಡೆದುಹೋಯಿತು, ಮರೆತುಹೋಯಿತು: ಇಲ್ಲಿ ನಷ್ಟದ, ಕೈಮೀರಿದ್ದರ ಛಾಯೆ ಸ್ಪಷ್ಟ. ‘ಸತ್ತುಹೋದ’ ಎನ್ನುತ್ತೇವೆಯೇ ಹೊರತು ‘ಹುಟ್ಟಿಹೋದ’ ಎನ್ನುವುದಿಲ್ಲ. ‘ಕೆಲಸ ಮುಗಿದುಹೋಯಿತು’ ಎಂಬಲ್ಲಿ ನಷ್ಟವಿಲ್ಲದಿದ್ದರೂ ಇನ್ನು ಹಿಂದಿರುಗಲಾಗದು ಎಂಬ ಭಾವ ಉಳಿದಿದೆ. ಹಳಗನ್ನಡದ ‘ಪೋಗು’ವಿನಿಂದ ಬಂದ ಈ ದ್ರಾವಿಡ ಕ್ರಿಯಾಪದಕ್ಕೂ ಗುಜರಾತಿಯ ‘ಜವುಂ’ ಕ್ರಿಯಾಪದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಆದರೂ ಉಧ್ನಾದ ಬೀದಿಯಲ್ಲಿ ಕೇಳುವ ‘ಮರೀ ಗಯೋ’ ಕನ್ನಡದ ‘ಸತ್ತುಹೋದ’ ಎಂಬುದಕ್ಕೆ ಪದಕ್ಕೆ ಪದ ಹೊಂದುತ್ತದೆ. ಇಂಥ ಸಂಯುಕ್ತ ಕ್ರಿಯಾರಚನೆಯನ್ನು ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಸಮಾನ ಲಕ್ಷಣಗಳಲ್ಲೊಂದಾಗಿ ಗುರುತಿಸಿದರು. ಮಗುವಿಗೆ ಗುಜರಾತಿಯಲ್ಲಿ ಕಾಣದ ಕಷ್ಟವು ಇಂಗ್ಲಿಷಿನಲ್ಲಿ ಕಾಣುವುದು ಇದರಿಂದಲೇ.

ಭಾಷಾಂತರಕಾರರು ಎಡವುವ ಸ್ಥಳ ಇನ್ನೊಂದಿದೆ. ಇಂಗ್ಲಿಷಿನ ‘ಗೋಯಿಂಗ್ ಟು’ ಭವಿಷ್ಯತ್ತನ್ನೋ ಸಂಕಲ್ಪವನ್ನೋ ಸೂಚಿಸುತ್ತದೆ. ಕನ್ನಡದ ‘ಮಾಡಹೋದ’ ಎಂಬುದಾದರೋ ಕೈಗೂಡದ ಪ್ರಯತ್ನ. ‘ಉಪಕಾರ ಮಾಡಹೋಗಿ ಅಪಕಾರವಾಯಿತು’ ಎಂಬ ಮಾತಿನಲ್ಲಿ ಫಲಿತಾಂಶವು ‘ಹೋಗಿ’ ಎನ್ನುವಾಗಲೇ ತಿಳಿದುಬಿಡುತ್ತದೆ. ಆದ್ದರಿಂದ ‘ಐ ವಾಸ್ ಗೋಯಿಂಗ್ ಟು ಟೆಲ್ ಯು’ ಎಂಬುದು ‘ಹೇಳುವವನಿದ್ದೆ’ ಎಂದಾಗಬೇಕು. ‘ಹೇಳಹೋದೆ’ ಎಂದರೆ ಬಾಯಿ ತೆರೆದಾಗಿತ್ತು, ಯಾರೋ ತಡೆದರು ಎಂದರ್ಥ. ಶಾಲಾಪುಸ್ತಕಗಳು ನುಡಿಗಟ್ಟುಗಳನ್ನು ಪಟ್ಟಿಮಾಡಿ ಎದುರಿಗೆ ಒಂದೊಂದು ಅರ್ಥ ಬರೆದುಬಿಡುವ ಪದ್ಧತಿಯಲ್ಲಿ ಇಂಥ ವ್ಯತ್ಯಾಸ ಎಂದೂ ಸಿಕ್ಕದು.

ಮೂರೂ ಭಾಷೆಗಳು ಒಂದಾಗುವ ಮಾತೂ ಇಲ್ಲದಿಲ್ಲ. ಇಂಗ್ಲಿಷಿನ ‘ಲೆಟ್ ಇಟ್ ಗೋ’, ಗುಜರಾತಿಯ ‘ಜವಾ ದೋ’, ಕನ್ನಡದ ‘ಹೋಗಲಿ ಬಿಡು’ ಇವು ಸಮಾಧಾನದ ಸಂದರ್ಭದಲ್ಲಿ ಸಮಾನಾರ್ಥಕಗಳು. ಕನ್ನಡದ ‘ಹೋಗಲಿ’ ಅಷ್ಟಕ್ಕೆ ನಿಲ್ಲದೆ ಮಾತಿನ ವಿಷಯವನ್ನು ಬದಲಿಸುತ್ತದೆ, ಜಗಳವನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಅಂಗಡಿಯವನ ಬಾಯಲ್ಲಿ ‘ಹೋಗಲಿ, ನೂರು ರೂಪಾಯಿ ಕೊಡಿ’ ಎಂದು ಚೌಕಾಶಿಯನ್ನೂ ಮುಗಿಸುತ್ತದೆ.